ಮಗಳು ದಪ್ಪ ಆಗ್ತೀನಿ ಅಂತ ಊಟ ಬಿಟ್ಟಿದ್ದಾಳೆ. ಇದು ವಯಸ್ಸಿನ ಹಠವೇ? ಫೋನ್ ಕಿತ್ತುಕೊಂಡರೆ ಸರಿಹೋಗುತ್ತಾ?

ನಿಮ್ಮ ಮಗಳಿಗೆ 15 ವರ್ಷ, ಮೂರು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾಳೆ, ಮೊನ್ನೆ ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೆ ತಲೆಸುತ್ತಿ ಕೂತಳು ಅಂತ ಬರೆದಿದ್ದೀರಿ. 'ಹಸಿವಾದರೆ ತಾನೇ ತಿಂತಾಳೆ ಬಿಡು' ಅಂತ ಮನೆಯವರು ಹೇಳುತ್ತಿದ್ದಾರೆ ಅಂದಿರಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಅದನ್ನು ನಂಬಿ ನಾವು ಐದು ತಿಂಗಳು ಕಳೆದೆವು. ನೀವು ಹಾಗೆ ಮಾಡಬೇಡಿ ಅಂತ ಇಷ್ಟು ಬರೆಯುತ್ತಿದ್ದೇನೆ.

ನಮ್ಮಲ್ಲಿ ಆಗಿದ್ದು ಮಗನಿಗೆ. ಗಂಡು ಹುಡುಗರಿಗೆ ಇದೆಲ್ಲ ಬರಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಒಂಬತ್ತನೇ ಕ್ಲಾಸಲ್ಲಿ ಸ್ವಲ್ಪ ಮೈ ಬಂದಿತ್ತು. ಎತ್ತರ ಬೆಳೆಯುವ ಮುಂಚೆ ಎಷ್ಟೋ ಮಕ್ಕಳಿಗೆ ಹಾಗೆ ಮೈ ತುಂಬುತ್ತೆ, ಅದು ಸಹಜ. ನನಗೆ ಆಗ ಗೊತ್ತಿರಲಿಲ್ಲ. ಕ್ಲಾಸಲ್ಲಿ 'ಡುಮ್ಮ' ಅಂತ ಹೆಸರು ಬಿತ್ತು. ಮನೆಯಲ್ಲಿ ನಾವೂ ಮುದ್ದಿಗೆ 'ಗುಂಡ' ಅನ್ನುತ್ತಿದ್ದೆವು. ಬೇಸಿಗೆ ರಜೆಯಲ್ಲಿ ಅನ್ನ ಬಿಟ್ಟ. ಆಮೇಲೆ ಮುದ್ದೆ, ಚಪಾತಿ, ಎಣ್ಣೆ ಬಿದ್ದದ್ದೆಲ್ಲ ಬಿಟ್ಟ. ಬೆಳಗ್ಗೆ ಸಂಜೆ ಟೆರೇಸ್ ಮೇಲೆ ವ್ಯಾಯಾಮ. ಮದುವೆಗೆ ಹೋದರೆ ಎಲ್ಲರೂ ಹೊಗಳಿದ್ದೇ ಹೊಗಳಿದ್ದು, 'ಎಷ್ಟು ಸ್ಮಾರ್ಟ್ ಆಗಿದ್ದಾನೆ ನೋಡೇ!' ನನಗೂ ಖುಷಿಯಾಗಿತ್ತು.

ಒಂದು ದಿನ ಬಟ್ಟೆ ನೆನೆಹಾಕಲು ಅವನ ಯೂನಿಫಾರ್ಮ್ ಪ್ಯಾಂಟಿನಿಂದ ಬೆಲ್ಟ್ ಎಳೆದೆ. ಅಂಗಡಿಯಿಂದ ಬಂದ ತೂತುಗಳು ಮುಗಿದ ಮೇಲೆ ಇನ್ನೂ ನಾಲ್ಕು ತೂತು. ಜಾಮಿಟ್ರಿ ಬಾಕ್ಸಿನ ಕೈವಾರದಲ್ಲಿ ಅವನೇ ಕೊರೆದಿದ್ದ. ಒಂದೊಂದೂ ಸೊಟ್ಟ, ಅಂಚೆಲ್ಲ ಹರಿದು ಒಳಗಿನ ನೂಲು ಕಾಣುತ್ತಿತ್ತು. ಅದನ್ನು ಹಿಡಿದುಕೊಂಡು ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟೆ.

ಆಮೇಲೆ ಬೈದೆ, ಅತ್ತೆ, ನನ್ನ ಮೇಲೆ ಆಣೆ ಹಾಕಿಸಿಕೊಂಡೆ. ಯಾವುದೂ ಕೆಲಸ ಮಾಡಲಿಲ್ಲ. ಮೊದಲು ಹೋದ ಡಾಕ್ಟರು ಎತ್ತರಕ್ಕೆ ತಕ್ಕ ತೂಕ ಇದೆ ಅಂತ ಕಳಿಸಿಬಿಟ್ಟರು. ಎರಡನೆಯವರು ನಾಡಿ ಹಿಡಿದು ನೋಡಿ, ತುಂಬಾ ನಿಧಾನ ಇದೆ ಅಂತ ಅವತ್ತೇ ಇಸಿಜಿ ಮಾಡಿಸಿ ಮನೋವೈದ್ಯರ ಹತ್ತಿರ ಕಳಿಸಿದರು. ನೋಡಿದರೆ ತೀರಾ ಸಣ್ಣ ಕಾಣದ ಮಗುವಿನ ಹೃದಯಕ್ಕೂ ಅಪಾಯ ಇರಬಹುದು. ಇದನ್ನು ದಯವಿಟ್ಟು ನೆನಪಿಡಿ.

ಆ ಮನೋವೈದ್ಯರು ಹೇಳಿದ ಒಂದು ವಿಷಯ ನನ್ನ ಕಣ್ಣು ತೆರೆಸಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1945ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರನ್ನು ಅವರ ಒಪ್ಪಿಗೆಯಿಂದಲೇ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ಅವರಿಗೆ ಸಣ್ಣ ಆಗಬೇಕು ಅನ್ನೋ ಆಸೆಯೇನೂ ಇರಲಿಲ್ಲ. ಆದರೂ ಕೆಲವೇ ವಾರಗಳಲ್ಲಿ ತಲೆ ತುಂಬಾ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು. ಸಿಡುಕು, ಮಂಕು, ಯಾವಾಗಲೂ ಚಳಿ. ಕೇಳುತ್ತಿದ್ದ ಹಾಗೆ ನನಗೆ ಮಗನೇ ಕಣ್ಣ ಮುಂದೆ ಬಂದ. ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು, ಮಧ್ಯರಾತ್ರಿ ತನಕ ಬಿರಿಯಾನಿ ಮಾಡೋ ವಿಡಿಯೋ ನೋಡುತ್ತಿದ್ದನಲ್ಲ! ಅದು ಹಠ ಅಲ್ಲ. ಶುರು ಹೇಗೇ ಆಗಿರಲಿ, ಆಮೇಲೆ ಹಸಿವೇ ತಲೆಯನ್ನು ಹಿಡಿದುಬಿಡುತ್ತೆ. ಅಂಥ ತಲೆಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಮೊದಲು ಹೊಟ್ಟೆಗೆ ಬೀಳಬೇಕು.

ಹಾಗಾಗಿ ಏನು, ಎಷ್ಟು, ಯಾವಾಗ ಅನ್ನೋದನ್ನು ಅವನ ಕೈಯಿಂದ ನಾವು ತೆಗೆದುಕೊಂಡೆವು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಶುರುವಾದ ಚಿಕಿತ್ಸೆಯ ಕ್ರಮ ಇದು, ಮನೆಯವರೇ ಜವಾಬ್ದಾರಿ ತೆಗೆದುಕೊಂಡು ಊಟ ಮಾಡಿಸುವುದು. ಮೊದಲ ಸಂಜೆ ಅರ್ಧ ಮುದ್ದೆಗೆ ಮುಕ್ಕಾಲು ಗಂಟೆ ಹಿಡಿಯಿತು. ಸಾರು ಆರಿ ತಣ್ಣಗಾಯಿತು. ಅವನು ಅತ್ತ. 'ಇದು ಕಾಯಿಲೆ ಕಣೋ, ನಿನ್ನ ತಪ್ಪಲ್ಲ. ನಾನು ಎಲ್ಲೂ ಹೋಗಲ್ಲ' ಅಂತ ಇಷ್ಟೇ ಹೇಳಿ ಪಕ್ಕದಲ್ಲಿ ಕೂತೆ. ತೂಕದ ಮಷಿನ್ ಅಟ್ಟ ಸೇರಿತು. ಪೂರ್ತಿ ಸುಧಾರಿಸಲು ಒಂದೂವರೆ ವರ್ಷ ಆಯಿತು, ನಡುವೆ ಎರಡು ಸಲ ಮತ್ತೆ ಜಾರಿದ. ಒಂದು ಎಚ್ಚರಿಕೆ: ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಜಾಸ್ತಿ ತಿನ್ನಿಸುವುದೂ ಅಪಾಯ. ಡಾಕ್ಟರು ಹೇಳಿದ ಲೆಕ್ಕದಲ್ಲೇ ಹೋಗಿ.

ಫೋನ್ ವಿಷಯ. ಚಿತ್ರಗಳ ಪ್ರಭಾವ ಇದ್ದೇ ಇದೆ. ಫಿಜಿ ದ್ವೀಪದಲ್ಲಿ ಮೊದಲೆಲ್ಲ ಮೈಕೈ ತುಂಬಿಕೊಂಡಿದ್ದರೇ ಚಂದ. 1995ರಲ್ಲಿ ಅಲ್ಲಿನ ಒಂದು ಭಾಗಕ್ಕೆ ಟಿ.ವಿ. ಬಂತು. ಆನ್ ಬೆಕರ್ ಎಂಬ ಸಂಶೋಧಕಿ ಆಗ ಮಾತಾಡಿಸಿದ ಶಾಲಾ ಹುಡುಗಿಯರಲ್ಲಿ ತೂಕಕ್ಕಾಗಿ ವಾಂತಿ ಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. 1998ರಲ್ಲಿ ನೂರಕ್ಕೆ 11 ಹುಡುಗಿಯರು ಹೌದು ಅಂದರು. ಆದರೆ ಫೋನ್ ಕಿತ್ತುಕೊಂಡರೆ ಮಗಳು ರೂಮಿನ ಬಾಗಿಲು ಹಾಕಿಕೊಳ್ಳುತ್ತಾಳೆ, ಅಷ್ಟೇ. ಜೊತೆಗೆ ಕೂತು, ನೋಡಿದ ಮೇಲೆ ಮನಸ್ಸು ಕೆಡಿಸುವ ಪೇಜ್‌ಗಳನ್ನು ಅವಳ ಕೈಯಲ್ಲೇ ತೆಗೆಸಿ. ನೆಂಟರ ಮಾತನ್ನು ಮಾತ್ರ ನೀವೇ ತಡೆಯಬೇಕು. ದಪ್ಪ ಆಗಿದ್ದೀಯ ಅನ್ನೋದನ್ನೂ, ಸಣ್ಣ ಆಗಿ ಚೆನ್ನಾಗಿ ಕಾಣ್ತೀಯ ಅನ್ನೋದನ್ನೂ.

ತಲೆಸುತ್ತಿದೆ ಅಂದಿದ್ದೀರಲ್ಲ, ಹಾಗಾಗಿ ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಮಲಗಿದಾಗ ಮತ್ತು ನಿಂತಾಗ ಬಿ.ಪಿ., ನಾಡಿ, ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ನೋಡಲು ಕೇಳಿ. ಮುಟ್ಟು ನಿಂತಿದೆಯಾ, ಕೂದಲು ಉದುರುತ್ತಿದೆಯಾ, ಊಟ ಆದ ತಕ್ಷಣ ಬಾತ್‌ರೂಮಿಗೆ ಹೋಗ್ತಾಳಾ, ಇದನ್ನೂ ಅವರಿಗೆ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ ಬೇರೆ ವಿಭಾಗವೇ ಇದೆ. ಇವತ್ತು ರಾತ್ರಿಯೇ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ಪ್ರಜ್ಞೆ ತಪ್ಪಿದರೆ, ಎದೆ ನೋವು ಅಂದರೆ, ನೀರೂ ಬೇಡ ಅಂದರೆ, ಬದುಕೋದೇ ಬೇಡ ಅನ್ನೋ ಮಾತಾಡಿದರೆ ಬೆಳಗಾಗುವ ತನಕ ಕಾಯಬೇಡಿ, ತಕ್ಷಣ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.