ತೋಟದ ದಾರಿಯಲ್ಲಿ ಅತಿಥಿಗಳಿಗೆ ಕುದುರೆ ಸವಾರಿ: ಸುರಕ್ಷತೆ ಎಲ್ಲಿಂದ ಆರಂಭವಾಗಬೇಕು?

ಸಕಲೇಶಪುರದ ಸಮೀಪದ ನಿಮ್ಮ ಕಾಫಿ ತೋಟಕ್ಕೆ ರೇಸಿನಿಂದ ನಿವೃತ್ತವಾದ ಕುದುರೆಗಳನ್ನು ಕೊಂಡು ತಂದು, ಸವಾರಿಯೇ ತಿಳಿಯದ ಹೋಂಸ್ಟೇ ಅತಿಥಿಗಳನ್ನು ಅವುಗಳ ಮೇಲೆ ಸುತ್ತಾಡಿಸಬಹುದೇ ಎಂದು ಕೇಳಿದ್ದೀರಿ. ಇಂಥ ಸವಾರಿಗಳನ್ನು ಮುನ್ನಡೆಸಿದ ಅನುಭವದಿಂದ ಹೇಳುವುದಾದರೆ, ಸುರಕ್ಷತೆಯ ಬಹುಪಾಲು ಕೆಲಸ ಅತಿಥಿ ಜೀನಿನ ಮೇಲೆ ಕೂರುವ ಮೊದಲೇ, ಕುದುರೆಯ ಆಯ್ಕೆಯಲ್ಲಿಯೇ ಮುಗಿದಿರಬೇಕು.

ರೇಸಿನಲ್ಲಿ ಓಡಿಸುವ ಥರೋಬ್ರೆಡ್ ತಳಿಯ ಕುದುರೆ ಎಳೆಯ ವಯಸ್ಸಿನಿಂದಲೇ ವೇಗವನ್ನು ಕಲಿತಿರುತ್ತದೆ. ಪಕ್ಕದಲ್ಲಿ ಇನ್ನೊಂದು ಕುದುರೆ ಮುಂದಾದರೆ ಅದನ್ನು ಹಿಂದಿಕ್ಕಲು ನೋಡುತ್ತದೆ. ಲಗಾಮು ಬಿಗಿಯಾದಷ್ಟೂ ಅದರ ಮೇಲೆ ಭಾರ ಹಾಕಿ ಮುನ್ನುಗ್ಗುವುದು ಅನೇಕ ರೇಸ್ ಕುದುರೆಗಳಿಗೆ ಅಭ್ಯಾಸವಾಗಿರುತ್ತದೆ. ಹೆದರಿದ ಹೊಸ ಸವಾರನಾದರೋ ಲಗಾಮನ್ನು ಜಗ್ಗಿ ಹಿಡಿದು ಕಾಲುಗಳಿಂದ ಕುದುರೆಯ ಹೊಟ್ಟೆಯನ್ನು ಅದುಮುತ್ತಾನೆ, ಕುದುರೆ ಅದನ್ನು ಓಡುವ ಅಪ್ಪಣೆಯೆಂದೇ ತಿಳಿಯುತ್ತದೆ. ಆದುದರಿಂದ ತಿಂಗಳುಗಟ್ಟಲೆ ಮರುತರಬೇತಿ ಕೊಟ್ಟು, ಬೈಕಿನ ಸದ್ದಿಗೂ ನಾಯಿಗೂ ಗಾಳಿಗೆ ಹಾರುವ ಟಾರ್ಪಾಲಿಗೂ ಔಷಧಿ ಸಿಂಪಡಿಸುವ ಯಂತ್ರಕ್ಕೂ ಬೆದರದೆ ನಿಲ್ಲುತ್ತದೆಂದು ಖಚಿತವಾಗುವವರೆಗೆ ಅತಿಥಿಗಳನ್ನು ಹತ್ತಿಸಬೇಡಿ. ಮೊದಲ ಸಲ ಹತ್ತುವವರಿಗೆ ವಯಸ್ಸು ಮಾಗಿದ, ಎತ್ತರ ಕಡಿಮೆಯಿರುವ ಶಾಂತ ಕುದುರೆಯೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ. ಕೊಳ್ಳುವ ಮುನ್ನ ಪಶುವೈದ್ಯರಿಂದ ಬೆನ್ನು, ಕಾಲು, ಗೊರಸುಗಳ ಪರೀಕ್ಷೆಯಾಗಲಿ, ಏಕೆಂದರೆ ಬೆನ್ನು ನೋಯುವ ಕುದುರೆ ಎಷ್ಟೇ ಸಾಧುವಾದರೂ ಒಂದಲ್ಲ ಒಂದು ದಿನ ಸವಾರನನ್ನು ಕೆಡವುತ್ತದೆ. ಮನುಷ್ಯರಿಗೂ ಹರಡಬಲ್ಲ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಸವಾರ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ 20 ಶೇಕಡಾವನ್ನು ಮೀರಬಾರದು. 400 ಕಿಲೋ ತೂಗುವ ಕುದುರೆಗೆ 80 ಕಿಲೋ ಮಿತಿಯಾದರೆ, ಜೀನು ಕಳೆದು ಸವಾರನಿಗೆ ಉಳಿಯುವುದು ಸುಮಾರು 70 ಕಿಲೋ. ಬುಕಿಂಗ್ ಮಾಡುವಾಗಲೇ ಇದನ್ನು ತಿಳಿಸಿದರೆ ಅತಿಥಿಗೆ ಎಲ್ಲರೆದುರು ಮುಜುಗರವಾಗುವುದಿಲ್ಲ.

ಗದ್ದದ ಪಟ್ಟಿಯಿರುವ, ಕುದುರೆ ಸವಾರಿಗೆಂದೇ ತಯಾರಾದ ಹೆಲ್ಮೆಟ್ ಎಲ್ಲರಿಗೂ ಕಡ್ಡಾಯವಾಗಿರಲಿ. ಚಪ್ಪಲಿ ಹಾಕಿದವರನ್ನು ಹತ್ತಿಸಬೇಡಿ. ಸಣ್ಣ ಹಿಮ್ಮಡಿಯಿರುವ ಶೂ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ (ಸವಾರ ಕಾಲಿಡುವ, ಜೀನಿಗೆ ತೂಗುಬಿಟ್ಟ ಬಳೆ) ಜಾರಿ ಸಿಕ್ಕಿಕೊಳ್ಳಬಹುದು, ಬಿದ್ದವರನ್ನು ಕುದುರೆ ಎಳೆದೊಯ್ಯುವುದು ಹಾಗೆಯೇ. ಜೀನು ಕಟ್ಟುವಾಗ ಕುದುರೆ ಎದೆಯುಬ್ಬಿಸಿಕೊಳ್ಳುವುದರಿಂದ, ಹತ್ತು ನಿಮಿಷ ನಡೆಸಿದ ಮೇಲೆ ಜೀನಿನ ಹೊಟ್ಟೆಪಟ್ಟಿಯನ್ನು ಮತ್ತೊಮ್ಮೆ ಬಿಗಿಗೊಳಿಸಬೇಕು. ಹೊರಡುವ ಮುನ್ನ ಆವರಣದೊಳಗೆ ಪ್ರತಿಯೊಬ್ಬರಿಂದಲೂ ನಿಲ್ಲಿಸುವುದನ್ನೂ ತಿರುಗಿಸುವುದನ್ನೂ ಮಾಡಿಸಿ ನೋಡಿ, ಅಲ್ಲಿ ಆಗದವರ ಕುದುರೆಯನ್ನು ಆಳೊಬ್ಬರು ಹಗ್ಗ ಹಿಡಿದೇ ನಡೆಸಲಿ.

ದಾರಿಯಲ್ಲಿ ಮುಂದೊಬ್ಬ, ಹಿಂದೊಬ್ಬ ಮಾರ್ಗದರ್ಶಿ ಇರಬೇಕು. ನಡುವೆ ನಾಲ್ಕಕ್ಕಿಂತ ಹೆಚ್ಚು ಹೊಸಬರು ಬೇಡ, ಕುದುರೆಗಳ ನಡುವೆ ಒಂದು ಕುದುರೆಯಷ್ಟಾದರೂ ಅಂತರವಿರಲಿ. ಕುದುರೆ ಹಿಂಡಿನ ಪ್ರಾಣಿ, ಒಂದು ಓಡಿದರೆ ಉಳಿದವೂ ಓಡುತ್ತವೆ, ಅದರಲ್ಲೂ ಲಾಯದ ಕಡೆಗೆ ತಿರುಗಿದ ಮೇಲೆ ಅವುಗಳ ಆತುರ ಹೆಚ್ಚು. ಹೀಗಾಗಿ ಗುಂಪಿನಲ್ಲಿ ಅತ್ಯಂತ ಅಳುಕುವ ಸವಾರನಿಗೆ ಒಗ್ಗುವ ನಡಿಗೆಯೇ ಎಲ್ಲರ ವೇಗವಾಗಬೇಕು, ಮರಳುವಾಗಲಂತೂ ನಡಿಗೆಯೇ ಕಡ್ಡಾಯ.

ನಿಮ್ಮ ಭಾಗದಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಪ್ರತಿ ಬೆಳಿಗ್ಗೆ ಅರಣ್ಯ ಸಿಬ್ಬಂದಿಯನ್ನು ವಿಚಾರಿಸದೆ ಹೊರಡಬೇಡಿ, ಮುಸ್ಸಂಜೆಯ ಸವಾರಿಯನ್ನು ಇಟ್ಟುಕೊಳ್ಳಲೇಬೇಡಿ. ಅದೇ ಬೆಳಿಗ್ಗೆ ಕುದುರೆಯಿಲ್ಲದೆ ಒಬ್ಬರು ದಾರಿಯುದ್ದಕ್ಕೂ ನಡೆದು ಹೆಜ್ಜೇನಿನ ಗೂಡು, ತಲೆಗೆ ತಾಗುವ ಕೊಂಬೆ, ಸಡಿಲಗೊಂಡ ಸೋಲಾರ್ ಬೇಲಿಯ ತಂತಿಗಳನ್ನು ನೋಡಿ ಬರಲಿ. ಕಾಫಿ ಹೂವಾದಾಗ ಜೇನು ಹೆಚ್ಚಿರುತ್ತದೆ, ಕೊಯ್ಲಿನ ಸಮಯದಲ್ಲಿ ಆಳುಗಳೂ ಟ್ರ್ಯಾಕ್ಟರ್‌ಗಳೂ ದಾರಿಯಲ್ಲಿರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಜಾರು ಪಾಚಿಗಟ್ಟಿ ಲಾಳ ಜಾರುವುದರಿಂದ, ಆದಾಯ ನಿಂತರೂ ಸರಿ, ಆ ತಿಂಗಳುಗಳಲ್ಲಿ ಸವಾರಿಯನ್ನು ನಿಲ್ಲಿಸಿ ಗೊರಸುಗಳನ್ನು ಒಣಗಿದ ನೆಲದಲ್ಲಿ ಇಡಿ.