ಗುಮ್ಮಟ ಪ್ರಿಂಟಿನಲ್ಲಿ ಅಲ್ಲ, ಕಟಿಂಗ್‌ನಲ್ಲಿ ಬರಲಿ

ಪ್ರಶ್ನೆ: ನಾನು ವಿರಾಜಪೇಟೆಯವಳು, ಫ್ಯಾಷನ್ ಡಿಸೈನ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಕಡೆಯ ಹಳೆಯ ಕಟ್ಟಡವೊಂದನ್ನು ಆಧರಿಸಿ ಉಡುಪು ತಯಾರಿಸಬೇಕು. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಆರಿಸಿಕೊಂಡಿದ್ದೇನೆ. ಗೌನಿಗೆ ಗುಮ್ಮಟದ ಡಿಜಿಟಲ್ ಪ್ರಿಂಟ್, ಕೆಳ ಅಂಚಿಗೆ ಬಸವನ ಸಾಲು, ಸೊಂಟಕ್ಕೆ ಕೊಡವರ ಕೆಂಪು ಚೇಲೆ (ರೇಷ್ಮೆ ನಡುಪಟ್ಟಿ) ಅಂದುಕೊಂಡಿದ್ದೇನೆ. ಸರಿಹೋಗುತ್ತದಾ ಮೇಡಂ?

ಉತ್ತರ: ಕಟ್ಟಡದ ಆಯ್ಕೆ ನನಗೆ ತುಂಬಾ ಇಷ್ಟವಾಯಿತು. ಪ್ರಿಂಟ್ ಮಾತ್ರ ಬಿಟ್ಟುಬಿಡಿ ತಂಗಿ. ಆ ಚಿತ್ರವನ್ನು ಯಾವ ಗೌನಿನ ಮೇಲಾದರೂ ಹಾಕಿಸಬಹುದು, ಅದರಲ್ಲಿ ನಿಮ್ಮ ಕತ್ತರಿಯ ಕೆಲಸ ಏನೂ ಇರುವುದಿಲ್ಲ.

ಒಮ್ಮೆ ಹೋಗಿ ಕಲ್ಯಾಣಿಯ ಈಚೆ ದಡದಲ್ಲಿ ನಿಂತು ನೋಡಿ. 1820ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ್ದು. ಕೆಳಗೆ ಚೌಕ, ನಾಲ್ಕು ಮೂಲೆಗೆ ಮಿನಾರು, ನಡುವೆ ಗುಮ್ಮಟ. ಶಿವನ ಗುಡಿಗೆ ಇಸ್ಲಾಮಿ ಮತ್ತು ಗಾಥಿಕ್ ಶೈಲಿ ಎರಡನ್ನೂ ಸೇರಿಸಿದ ಆ ಧೈರ್ಯ ನಿಮ್ಮ ಉಡುಪಿಗೂ ಬರಬೇಕು. ಗುಮ್ಮಟದ ಪಕ್ಕದ ಗೆರೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಅದು ತುದಿಯಿಂದ ಓರೆಯಾಗಿ ಇಳಿಯುವುದಿಲ್ಲ. ಮೊದಲು ಹೊರಕ್ಕೆ ಬಾಗಿ, ಆಮೇಲೆ ನೆಟ್ಟಗೆ ಇಳಿಯುತ್ತದೆ.

ನಿಮ್ಮ ಸ್ಕರ್ಟಿಗೆ ಬೇಕಾದದ್ದು ಈ ಗೆರೆ. ಅಂಬ್ರೆಲಾ ಕಟ್ ಹಾಕಿದರೆ ಸೊಂಟದಿಂದ ಓರೆಯಾಗಿ ಇಳಿದು ಬರೀ ಡೇರೆ ಆಗುತ್ತದೆ. ಎಂಟು ಪ್ಯಾನೆಲ್ ಮಾಡಿ. ಪ್ರತಿ ಪ್ಯಾನೆಲ್ಲಿನ ಎರಡೂ ಬದಿ ಸೊಂಟದಿಂದ ತೊಡೆಯ ಮೇಲ್ಭಾಗದವರೆಗೆ ಬೇಗ ಹೊರಬಾಗಲಿ, ಅಲ್ಲಿಂದ ಕೆಳಗೆ ನೇರ ಇಳಿಯಲಿ. ಬಟ್ಟೆಯ ಉದ್ದದ ಎಳೆ ಪ್ಯಾನೆಲ್ಲಿನ ನಡುವೆಯೇ ಬರಬೇಕು, ಇಲ್ಲದಿದ್ದರೆ ಎಂಟೂ ಎಂಟು ದಿಕ್ಕಿಗೆ ತಿರುಗಿಕೊಳ್ಳುತ್ತವೆ. ಬಾಗಿದ ಜಾಗದಲ್ಲಿ ಹೊಲಿಗೆ ಮಾರ್ಜಿನ್ನಿಗೆ ಒತ್ತೊತ್ತಾಗಿ ಕಚ್ಚು ಕೊಟ್ಟು ಇಸ್ತ್ರಿ ಮಾಡಿ. ಒಳಗೆ ತೆಳ್ಳಗಿದ್ದೂ ಬಿಗಿಯಾಗಿ ನಿಲ್ಲುವ ಆರ್ಗಂಜಾ ಬಟ್ಟೆ, ಜೋಡಣೆಗಳಲ್ಲಿ ಸಣ್ಣ ದಾರದ ಪೈಪಿಂಗ್ ಕೊಟ್ಟರೆ ಆಕಾರ ನಿಲ್ಲುತ್ತದೆ. ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಡಮ್ಮಿಗೆ ಹಾಕಿ, ಪಕ್ಕದಿಂದ ಫೋಟೊ ತೆಗೆದು ನೀವು ಬರೆದುಕೊಂಡ ಗೆರೆಗೆ ಹೋಲಿಸಿ. ಮೇಲಿನ ಕುಪ್ಪಸ ಅಲಂಕಾರವಿಲ್ಲದೆ ಚೌಕವಾಗಿರಲಿ, ಕತ್ತೂ ಚೌಕ. ಮಿನಾರುಗಳನ್ನು ಭುಜದ ಮೇಲೆ ನಿಲ್ಲಿಸಲು ಹೋಗಬೇಡಿ, ವೇಷ ಆಗಿಬಿಡುತ್ತದೆ.

ಅಲಂಕಾರ ಬೇಕೇ ಬೇಕು ಅನಿಸಿದರೆ ಕಿಟಕಿಗಳ ಹತ್ತಿರ ಹೋಗಿ. ಸರಳುಗಳು ಪಂಚಲೋಹದ್ದು, ಅದರಲ್ಲಿ ರಾಜನ ಹೆಸರಿನ ಮೊದಲಕ್ಷರ ಕೆತ್ತಿದೆ. ತೋಳಿನ ತುದಿಯಲ್ಲಿ ಮಂಕು ಜರಿ ದಾರದಿಂದ ಅಂಥ ಉದ್ದ ಸರಳುಗಳನ್ನು ಕೊಕ್ಕೆ ಸೂಜಿಯ ಆರಿ ವರ್ಕಿನಲ್ಲಿ ಮಾಡಿಸಿ, ನಿಮ್ಮ ಹೆಸರಿನ ಮೊದಲಕ್ಷರ ಸೇರಿಸಿ. ಹತ್ತಿರ ಬಂದವರಿಗಷ್ಟೇ ಕಾಣುತ್ತದೆ, ಅದೇ ಚೆಂದ.

ಬಸವ ಕೆಳ ಅಂಚಿನಲ್ಲಿ ಬೇಡವೇ ಬೇಡ. ಜನ ಕೈಮುಗಿಯುವ ಮೂರ್ತಿ ಕಾಲಿಗೆ ತಾಗುವುದನ್ನು ನಮ್ಮ ಊರಿನಲ್ಲಿ ಯಾರೂ ಸಹಿಸುವುದಿಲ್ಲ, ನಾನೂ ಸಹಿಸುವುದಿಲ್ಲ.

ಇನ್ನು ಚೇಲೆ. ಗುಮ್ಮಟ, ಗದ್ದುಗೆ ಎಂಬ ರಾಜರ ಸಮಾಧಿಗಳು, ಅರಮನೆಗಳು ಲಿಂಗರಾಜೇಂದ್ರನ ಮನೆತನವಾದ ಹಾಲೇರಿಯ ಲಿಂಗಾಯತ ಅರಸರವು. ಚೇಲೆ ಕೊಡವ ಗಂಡಸರ ಉದ್ದ ನಿಲುವಂಗಿಯಾದ ಕುಪ್ಯದ ಮೇಲೆ ಕಟ್ಟಿ, ಪೀಚೆಕತ್ತಿ ಎಂಬ ಸಣ್ಣ ಬಾಕು ಸಿಕ್ಕಿಸುವಂಥದ್ದು. ಅದು ಕೊಡವರ ಒಕ್ಕದ್ದು ಅಂದರೆ ಮನೆತನದ್ದು, ಆ ಮನೆತನದ ಹಿರಿಯರ ಮನೆಯಾದ ಐನ್‌ಮನೆಯದ್ದು. ಕೊಡಗಿನದೆಂದು ಗುರುತು ಸಿಗಲಿ ಅಂತ ಎರಡನ್ನೂ ಒಂದೇ ಉಡುಪಿಗೆ ತುರುಕಿದರೆ ಎರಡಕ್ಕೂ ಅನ್ಯಾಯ. ಚೇಲೆಯ ಮೇಲೇ ನಿಮ್ಮ ಮನಸ್ಸಿದ್ದರೆ ಕಟ್ಟಡವನ್ನೇ ಬದಲಿಸಿ, ಐನ್‌ಮನೆ ತೆಗೆದುಕೊಳ್ಳಿ: ಮಳೆಗೆ ಗೋಡೆ ನೆನೆಯದಂತೆ ತಗ್ಗಿ ಇಳಿದ ಹಂಚಿನ ಮಾಡು ಅಗಲ ಅಂಚಿನ ಮೇಲಂಗಿಯಾಗಬಹುದು, ಹಂಚಿನ ಸಾಲು ಮಡಿಚಿ ಹೊಲಿದ ಸಣ್ಣ ಅಡ್ಡ ಟಕ್ಕುಗಳಾಗಬಹುದು. ಕೈಯಾಲೆ ಎಂಬ ಜಗಲಿಯ ಕಂಬಗಳ ನಡುವೆ ಕೂರಲು ಹಾಕಿದ ಆ ದಪ್ಪ ಹಲಗೆ, ಐಮರ, ಸೊಂಟದ ಅಗಲ ಪಟ್ಟಿಯಾಗುತ್ತದೆ. ಅಲ್ಲಿ ಕೆಂಪು ರೇಷ್ಮೆ ತಾನಾಗಿ ಹೊಂದುತ್ತದೆ.

ಯಾವುದೆಂದು ತೀರ್ಮಾನಿಸಿ ಬರೆಯಿರಿ. ಕೋರಾ ಬಟ್ಟೆಯ ಫೋಟೊ ಜೊತೆಗಿಟ್ಟರೆ ಪ್ಯಾನೆಲ್ ಬಾಗು ಎಲ್ಲಿ ತಿದ್ದಬೇಕೆಂದು ಗುರುತು ಹಾಕಿ ಕಳಿಸುತ್ತೇನೆ.