ಡೆತ್ ಸೆಂಟೆನ್ಸ್, ಎಕ್ಸಿಕ್ಯೂಷನ್, ಬ್ಲ್ಯಾಕ್ ವಾರಂಟ್: ಎಲ್ಲಾ ಒಂದೇನಾ?

ಗಲ್ಲು ಶಿಕ್ಷೆಯ ಸುದ್ದಿ ಬಂದಾಗ ಇಂಗ್ಲಿಷ್ ಪತ್ರಿಕೆಗಳಲ್ಲಿ ನಾಲ್ಕೈದು ಪದ ಕಾಣುತ್ತವೆ, ಎಲ್ಲದಕ್ಕೂ ಒಂದೇ ಅರ್ಥವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಅವನ್ನು ಬೆರೆಸಿಬಿಟ್ಟರೆ ಬದುಕಿರುವವನನ್ನು ಸತ್ತ ಅಂದ ಹಾಗಾಗುತ್ತದೆ.

ಕ್ಯಾಪಿಟಲ್ ಪನಿಶ್‌ಮೆಂಟ್ ಅಂದರೆ ಮರಣದಂಡನೆ ಅನ್ನುವ ಪದ್ಧತಿ. ಅದು ಬೇಕೇ ಬೇಡವೇ ಅನ್ನುವ ಚರ್ಚೆಯಲ್ಲಿ ಈ ಪದ ಬರುತ್ತದೆ. ಡೆತ್ ಸೆಂಟೆನ್ಸ್ ಅಂದರೆ ಒಬ್ಬ ಅಪರಾಧಿಗೆ ಕೋರ್ಟ್ ವಿಧಿಸಿದ ಶಿಕ್ಷೆ. ಎಕ್ಸಿಕ್ಯೂಷನ್ ಅಂದರೆ ಅದನ್ನು ಜಾರಿ ಮಾಡುವುದು, ಅಂದರೆ ಗಲ್ಲಿಗೇರಿಸುವುದು.

ಈ ಕೊನೆಯ ಎರಡರ ನಡುವೆ ವರ್ಷಗಳೇ ಕಳೆಯುತ್ತವೆ. ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟರೂ ಹೈಕೋರ್ಟ್ ಖಾಯಂ ಮಾಡದೆ ಜಾರಿ ಮಾಡುವಂತಿಲ್ಲ. ಆಮೇಲೆ ಸುಪ್ರೀಂ ಕೋರ್ಟ್, ಮರುಪರಿಶೀಲನೆ, ಕ್ಷಮಾದಾನದ ಅರ್ಜಿ. ಅರ್ಜಿ ತಿರಸ್ಕಾರವಾದದ್ದು ಕೈದಿಗೆ ತಿಳಿದ ಮೇಲೂ ಕನಿಷ್ಠ 14 ದಿನ ಬಿಡಬೇಕು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೆಹಲಿಯ ನಿರ್ಭಯಾ ಪ್ರಕರಣದಲ್ಲಿ ಸೆಂಟೆನ್ಸ್ ಆಗಿದ್ದು 2013ರ ಸೆಪ್ಟೆಂಬರ್‌ನಲ್ಲಿ, ಎಕ್ಸಿಕ್ಯೂಷನ್ ಆಗಿದ್ದು 2020ರ ಮಾರ್ಚ್ 20ರಂದು, ತಿಹಾರ್ ಜೈಲಿನಲ್ಲಿ. ಹಾಗಾಗಿ ಮೊದಲ ತೀರ್ಪಿನ ದಿನವೇ 'ಎಕ್ಸಿಕ್ಯೂಟೆಡ್' ಅಂತ ಬರೆದರೆ ಅದು ಶುದ್ಧ ತಪ್ಪು. 'ಸೆಂಟೆನ್ಸ್ಡ್ ಟು ಡೆತ್' ಅನ್ನಬೇಕು.

ಬ್ಲ್ಯಾಕ್ ವಾರಂಟ್ ಅನ್ನುವುದು ಗಲ್ಲಿಗೇರಿಸಲು ಕೋರ್ಟ್ ಹೊರಡಿಸುವ ಆದೇಶಕ್ಕೆ ಆಡುಮಾತಿನ ಹೆಸರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 42ನೇ ನಮೂನೆ. ಕೋರ್ಟ್ ಇದನ್ನು ಜೈಲಿನ ಅಧಿಕಾರಿಗೆ ಬರೆಯುತ್ತದೆ. ಕೈದಿಯ ಹೆಸರು, ಗಲ್ಲಿಗೇರಿಸುವ ಜಾಗ, ಸಮಯ ಎಲ್ಲಾ ಅದರಲ್ಲಿರುತ್ತದೆ. ಶಿಕ್ಷೆ ಜಾರಿಯಾದ ಮೇಲೆ ಅಧಿಕಾರಿ ಅದೇ ಹಾಳೆಯ ಮೇಲೆ ಷರಾ ಬರೆದು ಕೋರ್ಟಿಗೆ ವಾಪಸ್ ಕಳಿಸಬೇಕು. ವಾರಂಟ್ ಹೊರಟಿತು ಅಂದರೆ ಎಲ್ಲಾ ಮುಗಿಯಿತು ಅಂತಲೂ ಅಲ್ಲ. ನಿರ್ಭಯಾ ಪ್ರಕರಣದಲ್ಲೇ ಜನವರಿ 22, ಫೆಬ್ರುವರಿ 1, ಮಾರ್ಚ್ 3 ಅಂತ ಮೂರು ದಿನಾಂಕ ಬದಲಾಗಿ, ನಾಲ್ಕನೆಯದಕ್ಕೆ ಶಿಕ್ಷೆ ಜಾರಿಯಾಯಿತು.

'ಕಮ್ಯೂಟೆಡ್' ಅಂತ ಕಂಡರೆ ಬಿಡುಗಡೆ ಆಯಿತು ಅಂದುಕೊಳ್ಳಬೇಡಿ. ಗಲ್ಲು ಜೀವಾವಧಿಗೆ ಇಳಿಯಿತು ಅಂತ, ಅಷ್ಟೇ. ಶಿಕ್ಷೆಯನ್ನೇ ಮನ್ನಿಸಿದರೆ ಅದು 'ಪಾರ್ಡನ್'. ಇನ್ನು ಗಲ್ಲಿಗೆ 'ಹ್ಯಾಂಗ್ಡ್' ಸರಿ. 'ಹಂಗ್' ಗೋಡೆಗೆ ತೂಗುಹಾಕಿದ ಪಟಕ್ಕೆ.

ಸಿವಿಲ್ ಕೋರ್ಟಿನಿಂದ 'ಎಕ್ಸಿಕ್ಯೂಷನ್ ಪಿಟಿಷನ್' ಅಂತ ನೋಟಿಸ್ ಬಂದರೆ ಸುಮ್ನೆ ಗಾಬರಿಯಾಗಬೇಡಿ. ಅದು ನಮ್ಮ ಕೋರ್ಟುಗಳಲ್ಲಿ ಅಮಲ್ಜಾರಿ ಅರ್ಜಿ ಅನ್ನುತ್ತಾರಲ್ಲ, ಅದೇ. ಡಿಕ್ರಿ, ಅಂದರೆ ಸಿವಿಲ್ ಕೋರ್ಟ್ ತೀರ್ಪಿನ ಆದೇಶದ ಪ್ರಕಾರ ಹಣವನ್ನೋ ಜಾಗವನ್ನೋ ಕೊಡಿಸಿ ಅಂತ ಕೇಳುವುದು.

ಒಂದು ಬಳಕೆ ಮಾತ್ರ ನನಗೆ ಸರಿ ಕಾಣುವುದಿಲ್ಲ. ಉಗ್ರರು ಒತ್ತೆಯಾಳನ್ನು ಕೊಂದಾಗಲೂ ಕೆಲವರು 'ಎಕ್ಸಿಕ್ಯೂಟೆಡ್' ಅಂತ ಬರೆಯುತ್ತಾರೆ. ಅಲ್ಲಿ ವಿಚಾರಣೆಯೂ ಇಲ್ಲ, ತೀರ್ಪೂ ಇಲ್ಲ. ಅದು ಕೊಲೆ ಅಲ್ವಾ? 'ಮರ್ಡರ್ಡ್' ಅಂತಲೇ ಬರೆಯಿರಿ.